ಅಕ್ಕಿ, ಹಗ್ಗ ಮತ್ತು ಅಮೀನಿಯ ಓಡಗಳು

ಮಂಗಳೂರು ಬಂದರಿನ ಕಥೆ ಬರೆಯುವವರು ಹೆಂಚು, ಕಾಫಿ, ಗೇರುಬೀಜ ಎಂದು ಮೂರು ಸರಕು ಎಣಿಸಿ ಮುಗಿಸಿಬಿಡುತ್ತಾರೆ. ತೆಂಗಿನ ನಾರಿನ ಹಗ್ಗದ ಸುದ್ದಿಯೇ ಇಲ್ಲ. ಬಂದರಿನಲ್ಲಿ ಅಕ್ಕಿ ಮಂಡಿ ಇಟ್ಟಿದ್ದವರ ಮೊಮ್ಮಗನಾದ ನನಗೆ ಇದು ಸಿಟ್ಟು ತರಿಸುವ ಸಂಗತಿ. ಅಜ್ಜನ ಗಿರಾಕಿಗಳಲ್ಲಿ ಕಡಲಾಚೆಯವರೂ ಇದ್ದರು: ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳವರು. ಲಕ್ಷದ್ವೀಪದ ಉತ್ತರ ಭಾಗದ ಈ ದ್ವೀಪಗಳು ಒಂದೂವರೆ ಶತಮಾನ ನಮ್ಮ ಜಿಲ್ಲೆಗೇ ಸೇರಿದ್ದವು.

ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಮೀನಿಯವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ದ್ವೀಪಗಳು ಮೈಸೂರಿನ ಕೈಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಅಲ್ಲಿಂದಾಚೆ ಮಂಗಳೂರಿನ ಕಲೆಕ್ಟರರೇ ದ್ವೀಪದವರಿಗೆ ದೊರೆ; ಅಮೀನಿಯಲ್ಲಿ ಕೂತ ಮಣೆಗಾರನೆಂಬ ಅಧಿಕಾರಿ ಕಲೆಕ್ಟರರ ಕೈ.

ಅಲ್ಲಿನ ನೆಲವೆಲ್ಲ ಹವಳದ ಮರಳು. ತೆಂಗು ಹುಲುಸಾಗಿ ಬೆಳೆಯುತ್ತದೆ, ಅನ್ನ ಮಾತ್ರ ಹೊರಗಿನಿಂದಲೇ ಬರಬೇಕು. ಹೆಂಗಸರು ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಕೊಳೆಯಿಟ್ಟು, ಬಡಿದು, ನಾರು ತೆಗೆದು ಹೊಸೆಯುತ್ತಿದ್ದರು. ಆ ಹಗ್ಗವನ್ನು ಗಂಡಸರು ಓಡಕ್ಕೆ ಹೇರಿ ಮಂಗಳೂರಿಗೆ ತಂದರೆ, ಕೊಳ್ಳುವವರು ಒಬ್ಬರೇ: ಸರ್ಕಾರ. ದರ ಅವರದು, ತೂಕ ಅವರದು, ಬದಲಿಗೆ ಕೊಡುವ ಅಕ್ಕಿಯ ಅಳತೆಯೂ ಅವರದೇ. ಕಾಯಿ, ತೆಂಗಿನ ಬೆಲ್ಲಗಳಷ್ಟೇ ಅಜ್ಜನಂಥವರ ಪಾಲಿಗೆ ಉಳಿಯುತ್ತಿದ್ದವು.

ಬಾಕಿ ವಸೂಲಿಗೆಂದು ಅಜ್ಜ ಒಮ್ಮೆ ಓಡದಲ್ಲೇ ಅಮೀನಿಗೆ ಹೋಗಿದ್ದರು. ಬಾಕಿ ಎಷ್ಟು ಬಂತೆಂದು ಅವರು ಹೇಳಿದ್ದಿಲ್ಲ. ಪ್ರಯಾಣದ ಕಥೆ ಮಾತ್ರ ಮುಗಿಯುತ್ತಿರಲಿಲ್ಲ. ಹಳೆಯ ಓಡಗಳ ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದೇ ಕೂಡಿಸುತ್ತಿದ್ದರು. ಹೊಲಿದ ದೋಣಿ ಅಲೆಗೆ ಬಳುಕುತ್ತದೆ, ಬಿರಿಯುವುದಿಲ್ಲ, ಆದರೆ ಒಸರುತ್ತದೆ. ಹಗಲಿರುಳೆನ್ನದೆ ಒಬ್ಬ ಖಲಾಸಿ ತಳದ ನೀರು ಮೊಗೆದು ಚೆಲ್ಲುತ್ತಲೇ ಇರಬೇಕು. ಮಣ್ಣು ತುಂಬಿದ ಪೆಟ್ಟಿಗೆಯ ಮೇಲೆ ಒಲೆ. ಕುಡಿಯುವ ನೀರು ಪೀಪಾಯಿಯಲ್ಲಿ, ಲೆಕ್ಕ ಹಾಕಿ. ಮುಖ ತೊಳೆಯಲು ಕಡಲೇ ಗತಿ. ಗಂಜಿ, ಒಣಮೀನು, ತೆಂಗಿನಕಾಯಿ, ಮತ್ತೆ ಗಂಜಿ. ಸರಕಿನ ಮೇಲೆ ಮಡಲಿನ ಮಾಡು. ಅದರಡಿ ಅಕ್ಕಿ ಮೂಟೆಗಳ ನಡುವೆ ಊರಿಗೆ ಮರಳುವ ರೋಗಿಗಳು, ಕೋಳಿಗಳು, ಮಂಗಳೂರಿನ ಕಚೇರಿಯಲ್ಲಿ ಪರಸ್ಪರರ ಮೇಲೆ ಫಿರ್ಯಾದು ಕೊಟ್ಟು ಒಂದೇ ಓಡದಲ್ಲಿ ಹಿಂತಿರುಗುವ ದಾಯಾದಿಗಳು. ಮೂರು ದಿನ ಒಟ್ಟಿಗೆ ಉಂಡು ದಡ ಸೇರುವಷ್ಟರಲ್ಲಿ ಅರ್ಧ ವ್ಯಾಜ್ಯ ಮುಗಿದಿರುತ್ತಿತ್ತು ಎನ್ನುತ್ತಿದ್ದರು ಅಜ್ಜ.

ಮಂಗಳೂರಿನಿಂದ ಅಮೀನಿಗೆ ಸುಮಾರು 300 ಕಿ.ಮೀ. ರಾತ್ರಿ ನೆಲದ ಕಡೆಯಿಂದ ಬೀಸುವ ಗಾಳಿ ಹಿಡಿದು ಹೊರಟರೆ, ಗಾಳಿ ಒಲಿದಾಗ ಎರಡು ಮೂರು ದಿನ. ಗಾಳಿ ಸತ್ತರೆ ಎಷ್ಟೆಂದು ಹೇಳುವಂತಿಲ್ಲ. ದಾರಿ ತೋರಿಸುವುದು ಧ್ರುವನಕ್ಷತ್ರ. ಪುಟ್ಟ ಮರದ ಹಲಗೆ, ಅದಕ್ಕೊಂದು ಗಂಟು ಹಾಕಿದ ದಾರ: ಇದೇ ಕಮಾಲ್. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಂಚನ್ನು ದಿಗಂತಕ್ಕೆ, ಮೇಲಂಚನ್ನು ನಕ್ಷತ್ರಕ್ಕೆ ಹೊಂದಿಸಿದರೆ ಎಷ್ಟು ತೆಂಕಕ್ಕೆ ಬಂದೆವೆಂಬುದು ತಿಳಿಯುತ್ತದೆ. ಮಂಗಳೂರಿನಲ್ಲಿ ಸುಮಾರು 13 ಡಿಗ್ರಿ ಎತ್ತರದಲ್ಲಿರುವ ಧ್ರುವ ಅಮೀನಿ ಹೊತ್ತಿಗೆ 11ಕ್ಕೆ ಇಳಿದಿರುತ್ತದೆ. ದ್ವೀಪವೋ ಕಡಲಿನಿಂದ ಕೆಲವೇ ಅಡಿ ಎತ್ತರ. ಮೊದಲು ಕಾಣುವುದು ತೆಂಗಿನ ತಲೆಗಳು, ಅದೂ ಹದಿನೈದು ಇಪ್ಪತ್ತು ಕಿ.ಮೀ. ಹತ್ತಿರ ಬಂದ ಮೇಲೆ. ತಪ್ಪಿದರೆ ಮುಂದೆ ಬರೀ ಅರಬ್ಬೀ ಸಮುದ್ರ.

ಮಳೆಗಾಲ ಹಿಡಿಯುವ ಮೊದಲೇ ಓಡಗಳನ್ನು ದಡಕ್ಕೆಳೆದು ಮಡಲು ಹೊದೆಸುತ್ತಿದ್ದರು. ಆಮೇಲೆ ನಾಲ್ಕು ತಿಂಗಳು ಮಂಗಳೂರೂ ಇಲ್ಲ, ಅಕ್ಕಿಯೂ ಇಲ್ಲ. ಕೂಡಿಟ್ಟಿದ್ದರಲ್ಲೇ ಕಾಲ ತಳ್ಳಬೇಕು. ಮಳೆಗಾಲಕ್ಕೆ ಮುಂಚಿನ ಬಿರುಗಾಳಿಯ ಭಯ ಬೇರೆ. 1847ರ ಏಪ್ರಿಲ್‌ನಲ್ಲಿ ಅಂಥದೊಂದು ಗಾಳಿ ಪಕ್ಕದ ಕಲ್ಪೇನಿ, ಆಂಡ್ರೋತ್ ದ್ವೀಪಗಳನ್ನು ಧೂಳೀಪಟ ಮಾಡಿತ್ತು. ಇಷ್ಟೆಲ್ಲ ಜೀವಭಯ ದ್ವೀಪದವರ ಪಾಲಿಗೆ. ಹಗ್ಗದ ಲಾಭ ಸರ್ಕಾರದ ಪಾಲಿಗೆ.

1956ರ ನವೆಂಬರ್ 1 ನಮಗೆ ರಾಜ್ಯೋತ್ಸವ. ದಕ್ಷಿಣ ಕನ್ನಡ ಮೈಸೂರು ರಾಜ್ಯ ಸೇರಿದ ಆ ದಿನವೇ ಅಮೀನಿಯ ದ್ವೀಪಗಳು ಜಿಲ್ಲೆಯಿಂದ ಕಳಚಿ ಕೇಂದ್ರಾಡಳಿತಕ್ಕೆ ಹೋದವು. ಕಾಸರಗೋಡು ಹೋದದ್ದಕ್ಕೆ ಇಂದಿಗೂ ಮರುಗುವ ನಾವು ಇವನ್ನು ನೆನೆದದ್ದೇ ಇಲ್ಲ. ಹಳೆಬಂದರಿನ ಧಕ್ಕೆಯಿಂದ ತರಕಾರಿ, ಜಲ್ಲಿ, ಸಿಮೆಂಟು ಹೇರಿಕೊಂಡ ಮಂಜಿ ಎಂಬ ಸರಕು ದೋಣಿಗಳು ಈಗಲೂ ದ್ವೀಪಗಳತ್ತ ಹೊರಡುತ್ತವೆ. ಬಂದರಿನ ಹಳೆಯ ಮಂಡಿ ಮನೆತನದವರಲ್ಲಿ ನನ್ನದೊಂದು ಕೋರಿಕೆ: ಅಟ್ಟದ ಮೇಲಿನ ಲೆಕ್ಕದ ಪುಸ್ತಕಗಳನ್ನು ಗುಜರಿಗೆ ಹಾಕಬೇಡಿ, ಯಾವುದಾದರೂ ಗ್ರಂಥಾಲಯಕ್ಕೆ ಕೊಡಿ. ಈ ಕಡಲದಾರಿಯ ಚರಿತ್ರೆ ಬರೆಯಲು ಸರ್ಕಾರಿ ಕಡತಗಳಷ್ಟೇ ಸಾಲವು.