ಬಣ್ಣದ ಕೆಲಸಗಾರರ ಮೂತ್ರಕೋಶ

1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆನ್, ಫುಕ್ಸಿನ್ ಎಂಬ ಕಡುಗೆಂಪು ಬಣ್ಣ ತಯಾರಿಸುವವರ ಮೂತ್ರಕೋಶದಲ್ಲಿ ಗೆಡ್ಡೆಗಳನ್ನು ಕಂಡು ಅನಿಲಿನ್‌ನತ್ತ ಬೊಟ್ಟುಮಾಡಿದ. ಕಾರ್ಖಾನೆ ಸರಿ, ರಾಸಾಯನಿಕ ತಪ್ಪು. ನಿಜವಾದ ಅಪರಾಧಿಗಳು ಬೀಟಾ ನ್ಯಾಫ್ತೈಲಮೈನ್ ಮತ್ತು ಬೆಂಜಿಡೀನ್. ವಿಲ್ಹೆಲ್ಮ್ ಹ್ಯೂಪರ್ 1938ರಲ್ಲಿ ಮೊದಲನೆಯದನ್ನು ನಾಯಿಗಳಿಗೆ ಕೊಟ್ಟು ಅದೇ ಗೆಡ್ಡೆಯನ್ನು ತೋರಿಸಿದ. ಇಲಿಗಳನ್ನಷ್ಟೇ ನಂಬಿದ್ದರೆ ಈ ಸಾಕ್ಷ್ಯ ಸುಲಭವಾಗಿ ಸಿಗುತ್ತಿರಲಿಲ್ಲ. ಬ್ರಿಟನ್ನಿನ ಬಣ್ಣದ ಕೆಲಸಗಾರರ ಸಾವುಗಳನ್ನು ಲೆಕ್ಕಹಾಕಿದ ವರದಿ ಬಂದದ್ದು 1954ರಲ್ಲಿ. ಮೊದಲ ಅನುಮಾನಕ್ಕೂ ಈ ಲೆಕ್ಕಕ್ಕೂ ನಡುವೆ ಸುಮಾರು ಅರವತ್ತು ವರ್ಷ. ಈ ಕಾಯಿಲೆ ತಲೆದೋರುವುದೇ ಹತ್ತಿಪ್ಪತ್ತು ವರ್ಷ ತಡವಾಗಿ. ಹಾಗಾಗಿ ಹೆಣ ಎಣಿಸಿ ಅಪಾಯ ಅಳೆಯುವವರು ಒಂದು ತಲೆಮಾರಿನ ಕೆಲಸಗಾರರನ್ನು ಬಲಿಕೊಟ್ಟ ಮೇಲೇ ಮಾತಾಡಬಲ್ಲರು. ರಾಸಾಯನಿಕ ಒಳಹೊಕ್ಕ ಮೇಲೆ ದೇಹ ಅದನ್ನು ಏನು ಮಾಡುತ್ತದೆ ಎಂದು ಕೇಳುವುದು ಈ ಕಾಯುವಿಕೆಯಿಂದ ಪಾರಾಗುವ ದಾರಿ.

ನಾಯಿಗೇಕೆ ಗೆಡ್ಡೆ ಎಂಬ ಪ್ರಶ್ನೆಗೆ ಉತ್ತರ ಯಕೃತ್ತಿನಲ್ಲಿತ್ತು. ಬೀಟಾ ನ್ಯಾಫ್ತೈಲಮೈನ್, ಬೆಂಜಿಡೀನ್‌ನಂಥ ಅಮೈನ್‌ಗಳಿಗೆ ಅಸಿಟೈಲ್ ಗುಂಪು ಅಂಟಿಸಿ ಸಾಧುವಾಗಿಸುವ ಕಿಣ್ವ ನಾಯಿಗಿಲ್ಲ. ಹಾಗೆ ಸಾಧುವಾಗದೆ ಉಳಿದದ್ದು ಆಕ್ಸಿಜನ್ ಹೊತ್ತು ಮೂತ್ರಕ್ಕಿಳಿಯುತ್ತದೆ, ಅಲ್ಲಿನ ಹುಳಿಯಲ್ಲಿ ಕ್ರಿಯಾಶೀಲವಾಗಿ ಮೂತ್ರಕೋಶದ ಒಳಪದರದ ಡಿಎನ್‌ಎಗೆ ಅಂಟುತ್ತದೆ. ಮನುಷ್ಯರಲ್ಲಿ ಆ ಕಿಣ್ವವಿದೆ, ಆದರೆ ಕೆಲವರಲ್ಲಿ ಚುರುಕು, ಕೆಲವರಲ್ಲಿ ಮಂದ. 1982ರ ಬ್ರಿಟಿಷ್ ಅಧ್ಯಯನವೊಂದರಲ್ಲಿ ಬಣ್ಣದ ಉದ್ಯಮದಲ್ಲಿ ದುಡಿದು ಮೂತ್ರಕೋಶದ ಕ್ಯಾನ್ಸರ್ ಬಂದಿದ್ದ 23 ಜನರಲ್ಲಿ 22 ಮಂದಿ ಮಂದಗತಿಯವರು. ಬೆಂಜಿಡೀನ್‌ನಿಂದ ಮಾಡಿದ ಬಣ್ಣಗಳ ವಿಷಯವೂ ಹೀಗೆಯೇ ತೀರ್ಮಾನವಾಯಿತು. ಅವನ್ನು ಕರುಳಿನ ಬ್ಯಾಕ್ಟೀರಿಯಾ ಒಡೆದು ಮತ್ತೆ ಬೆಂಜಿಡೀನ್ ಮಾಡುತ್ತವೆ, ಅದು ಕೆಲಸಗಾರರ ಮೂತ್ರದಲ್ಲೂ ಸಿಗುತ್ತದೆ. ಆದ್ದರಿಂದ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ರೋಗಿಗಳ ಪಟ್ಟಿ ಕೇಳದೆ, ದೇಹದಲ್ಲಿ ಬೆಂಜಿಡೀನ್ ಆಗುವ ಬಣ್ಣಗಳನ್ನೆಲ್ಲ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಟ್ಟಾಗಿ, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಮೊದಲ ಗುಂಪಿಗೆ ಸೇರಿಸಿತು.

ದೇಹ ರಾಸಾಯನಿಕವನ್ನು ಏನು ಮಾಡುತ್ತದೆಂದು ಕೇಳುವ ಈ ವಾದ ಉದ್ಯಮಿಗಳ ಕೈಯಲ್ಲಿ ತಪ್ಪಿಸಿಕೊಳ್ಳುವ ಕಿಂಡಿಯಾಗುತ್ತದೆ, ‘ಅದು ಇಲಿಯ ದೇಹ, ನಮ್ಮದಲ್ಲ’ ಎನ್ನಲು ಯಾರಿಗೂ ಬರುತ್ತದೆ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಸ್ಯಾಕರಿನ್ ಎಂಬ ಕೃತಕ ಸಿಹಿ ಕ್ಯಾನ್ಸರ್ ಆರೋಪದಿಂದ ಬಿಡುಗಡೆ ಪಡೆದದ್ದು ಅದೇ ಮಾತಿನಿಂದ: ಮುಖ್ಯವಾಗಿ ಗಂಡು ಇಲಿಯ ಮೂತ್ರದಲ್ಲಿ ಹರಳುಗಟ್ಟುವ ಗಸಿ ಒಳಪದರವನ್ನು ಕೆರಳಿಸುತ್ತದೆಂದು ತಿಳಿದ ಮೇಲೆ, 2000ದಲ್ಲಿ ಅಮೆರಿಕ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ತೆಗೆಯಿತು. ಆದರೆ ಅಲ್ಲಿ ಒಂದೊಂದು ಹೆಜ್ಜೆಯನ್ನೂ ಪ್ರಯೋಗದಿಂದ ತೋರಿಸಿದ್ದರು. ಬರಿಯ ಊಹೆಗೆ ಆ ಮನ್ನಣೆ ಸಲ್ಲದು. ಕಥೆ ಎಷ್ಟೇ ಚೆನ್ನಾಗಿ ಕೂಡಿಕೊಂಡರೂ ಪರೀಕ್ಷೆ ತಪ್ಪದು ಎಂಬುದಕ್ಕೆ ಬೆಂಜಿಡೀನ್ ಒಂದೇ ಸಾಕು. ಚೀನಾದ ಕೆಲಸಗಾರರನ್ನು ಪರೀಕ್ಷಿಸಿದಾಗ ಮಂದ ಕಿಣ್ವದವರಿಗೆ ಹೆಚ್ಚು ಅಪಾಯವೇನೂ ಕಾಣಲಿಲ್ಲ. ಅಂದರೆ ನ್ಯಾಫ್ತೈಲಮೈನ್‌ನಲ್ಲಿ ಗೆದ್ದ ವಿವರಣೆ ಅದರ ದಾಯಾದಿಯಲ್ಲಿ ಸೋತಿತು. ಬೆಂಜಿಡೀನ್ ಕ್ಯಾನ್ಸರ್ ತರುತ್ತದೆಂಬ ಸತ್ಯವೇನೂ ಸೋಲಲಿಲ್ಲ. ಆದರೆ ಅದು ಕಾನೂನಾಗಲು ತಡವಾಯಿತು: ಭಾರತದಲ್ಲಿ ಬೆಂಜಿಡೀನ್ ಮೂಲದ 42 ಬಣ್ಣಗಳ ಬಳಕೆಗೆ ನಿಷೇಧ ಬಂದದ್ದು 1993ರಲ್ಲಿ, ರೆನ್ ಬೊಟ್ಟುಮಾಡಿ 98 ವರ್ಷಗಳಾದ ಮೇಲೆ.