ಅಮೆಜಾನರ ಚಿತ್ರವೂ ಅಥೆನ್ಸಿನ ನೋಟಕರೂ

ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೆ ಪ್ರಮೀಳೆಯ ಪರಿಚಯವಿದ್ದೇ ಇರುತ್ತದೆ. ಅಶ್ವಮೇಧದ ಕುದುರೆಯ ಬೆಂಗಾವಲಾಗಿ ಹೊರಟ ಅರ್ಜುನನು ಹೆಂಗಸರೇ ಆಳುವ, ಹೆಂಗಸರೇ ಆಯುಧ ಹಿಡಿಯುವ ನಾಡೊಂದನ್ನು ಹೊಗುತ್ತಾನೆ. ಪ್ರಾಚೀನ ಗ್ರೀಕರ ಕಲ್ಪನೆಯಲ್ಲಿಯೂ ಇಂಥದೊಂದು ನಾಡಿತ್ತು. ಕಪ್ಪು ಸಮುದ್ರದ ದಕ್ಷಿಣ ತೀರದಲ್ಲಿ, ಥರ್ಮೋಡಾನ್ ನದಿಯ ಬಯಲಿನಲ್ಲಿ ಅಮೆಜಾನರೆಂಬ ವೀರವನಿತೆಯರು ವಾಸವಾಗಿದ್ದರೆಂದು ಅವರು ನಂಬಿದ್ದರು. ಅಥೆನ್ಸಿನ ವೀರನಾದ ಥೀಸಿಯಸ್ ಅವರ ರಾಣಿಯೊಬ್ಬಳನ್ನು ಅಪಹರಿಸಿದನಂತೆ. ಸೇಡು ತೀರಿಸಲು ಅಮೆಜಾನರು ದಂಡೆತ್ತಿ ಬಂದು ಅಥೆನ್ಸ್ ನಗರದ ನಡುವೆಯೇ ಬೀಡುಬಿಟ್ಟು ಕಾದಿದರಂತೆ. ಯಾರೂ ಕಂಡಿರದ ಈ ಯುದ್ಧವನ್ನು ಗ್ರೀಕ್ ಕಲಾವಿದರು ಗೋಡೆ, ಕುಡಿಕೆ, ಗುರಾಣಿಗಳ ಮೇಲೆಲ್ಲ ಚಿತ್ರಿಸಿದರು.

ಕಣ್ಣಾರೆ ಕಂಡಿರದ ವೀರಾಂಗನೆಯನ್ನು ಕಲಾವಿದನು ಹೇಗೆ ಚಿತ್ರಿಸಿದನು, ಚಿತ್ರ ನೋಡಿದವರು ಏನೆಂದರು, ಅವರ ಮಾತನ್ನು ಅವನು ಹೇಗೆ ಸ್ವೀಕರಿಸಿದನು ಎಂಬುದೇ ನನ್ನ ಈ ಹೊತ್ತಿನ ವಿಷಯ.

ಅಥೆನ್ಸಿನ ಸಂತೆಯ ಚೌಕದ ಉತ್ತರದಂಚಿನಲ್ಲಿ ಕ್ರಿ.ಪೂ. 460ರ ಸುಮಾರಿಗೆ ಉದ್ದನೆಯ ಕೈಸಾಲೆಯೊಂದು ಎದ್ದಿತು. ಅದರ ಒಳಗೋಡೆಯ ಚಿತ್ರಗಳಿಂದಾಗಿ ಜನ ಅದನ್ನು ಚಿತ್ರದ ಕೈಸಾಲೆಯೆಂದೇ ಕರೆದರು. ಮುಂದೆ ಜೀನೋ ಎಂಬ ದಾರ್ಶನಿಕನು ಪಾಠ ಹೇಳಿದ್ದು ಇಲ್ಲಿಯೇ; ಗ್ರೀಕರ ಮಾತಿನಲ್ಲಿ ಕೈಸಾಲೆಗೆ ಸ್ಟೋಆ ಎಂದು ಹೆಸರಾದ್ದರಿಂದ ಅವನ ಅನುಯಾಯಿಗಳು ಸ್ಟೋಯಿಕರಾದರು. ಕ್ರಿ.ಶ. 2ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಪೌಸೇನಿಯಸ್ ಎಂಬ ಪ್ರವಾಸಿಯು ತಾನು ಕಂಡ ಚಿತ್ರಗಳನ್ನು ಕ್ರಮವಾಗಿ ವಿವರಿಸಿದ್ದಾನೆ. ನಡುಗೋಡೆಯಲ್ಲಿ ಥೀಸಿಯಸ್ ಮತ್ತು ಅಥೆನ್ಸಿನವರು ಅಮೆಜಾನರೊಡನೆ ಹೋರಾಡುತ್ತಿದ್ದರು, ಮುಂದೆ ಟ್ರಾಯ್ ನಗರದ ಪತನದ ದೃಶ್ಯ, ಕಡೆಯಲ್ಲಿ ಕ್ರಿ.ಪೂ. 490ರಲ್ಲಿ ಪರ್ಷಿಯನರ ವಿರುದ್ಧ ನಡೆದ ಮ್ಯಾರಥಾನ್ ಕದನ.

ಈ ಜೋಡಣೆ ಆಕಸ್ಮಿಕವಲ್ಲ. ಕ್ರಿ.ಪೂ. 480ರಲ್ಲಿ ಪರ್ಷಿಯನರು ಅಥೆನ್ಸನ್ನು ಹೊಕ್ಕು ಅದರ ಗುಡಿಗಳನ್ನು ಸುಟ್ಟಿದ್ದರು. ಪೂರ್ವದಿಂದ ದಂಡೆತ್ತಿ ಬಂದ ಶತ್ರುವನ್ನು ನಮ್ಮ ಹಿರಿಯರೂ ಹೀಗೆಯೇ ಹಿಮ್ಮೆಟ್ಟಿಸಿದ್ದರು ಎಂದು ಪುರಾಣದ ಅಮೆಜಾನರು ಸಾಕ್ಷಿ ನುಡಿಯಬೇಕಾಗಿತ್ತು. ಆ ಕಾಲದ ಕುಡಿಕೆಗಳ ಮೇಲಿನ ಚಿತ್ರಗಳಲ್ಲಿ ಅಮೆಜಾನರು ಪೂರ್ವದೇಶದವರಂತೆ ಚಿತ್ತಾರದ ತೋಳಂಗಿ, ಬಿಗಿಯಾದ ಚಲ್ಲಣಗಳನ್ನು ತೊಟ್ಟಿರುವುದೂ ಉಂಟು. ಅಮೆಜಾನ್ ಎಂದರೆ 'ಸ್ತನವಿಲ್ಲದವಳು' ಎಂದು ವ್ಯುತ್ಪತ್ತಿ ಹೇಳಿ, ಬಿಲ್ಲೆಳೆಯಲು ಅಡ್ಡಿಯಾಗದಿರಲೆಂದು ಆಕೆ ಒಂದು ಸ್ತನವನ್ನು ತೆಗೆಸುತ್ತಿದ್ದಳೆಂಬ ಕಥೆಯನ್ನು ವಿದ್ವಾಂಸರು ಕಟ್ಟಿದರು. ಆದರೆ ಕಲಾವಿದರು ಈ ಕಥೆಗೆ ಕಿವಿಗೊಡಲಿಲ್ಲ. ಅವರ ಅಮೆಜಾನಳು ಪೂರ್ಣಾಂಗಿಯೇ.

ಚಿತ್ರದ ಕೈಸಾಲೆಯ ಅಮೆಜಾನರನ್ನು ಬರೆದವನು ಮಿಕಾನ್. ಅವನ ಚಿತ್ರಗಳಲ್ಲಿ ಇಂದು ಒಂದಾದರೂ ಉಳಿದಿಲ್ಲ. ಮರದ ಹಲಗೆಗಳ ಮೇಲಿದ್ದ ಕೈಸಾಲೆಯ ಚಿತ್ರಗಳನ್ನು ರೋಮನ್ ಅಧಿಕಾರಿಯೊಬ್ಬ ಕಳಚಿಕೊಂಡು ಹೋದನೆಂದು ಕ್ರಿ.ಶ. 400ರ ಸುಮಾರಿನ ಪತ್ರವೊಂದು ಹೇಳುತ್ತದೆ. 1980ರ ದಶಕದ ಮೊದಲಲ್ಲಿ ಅಮೆರಿಕನ್ ಪುರಾತತ್ತ್ವಜ್ಞರು ಆ ಕಟ್ಟಡದ ತಳಪಾಯವನ್ನು ಅಗೆದು ಹೊರತೆಗೆದರು. ದೊರೆತದ್ದು ಕಲ್ಲು ಮಾತ್ರ. ಚಿತ್ರ ಹೋಯಿತು; ಆದರೆ ಚಿತ್ರಕಾರನ ಬಗ್ಗೆ ಜನ ಆಡಿದ ಮಾತು ಉಳಿಯಿತು. ಆ ಮಾತುಗಳಲ್ಲಿ ನಾಲ್ಕನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ತಜ್ಞನ ಮಾತು. ಅಥೆನ್ಸಿನಲ್ಲಿ ಸೈಮನ್ ಎಂಬ ಅಶ್ವವಿದ್ಯಾ ಪಾರಂಗತನಿದ್ದನು. ಕುದುರೆಗಳನ್ನು ಕುರಿತು ಕ್ಸೆನೊಫನ್ ಗ್ರಂಥ ಬರೆಯುವುದಕ್ಕೆ ಮುಂಚೆಯೇ ಆ ಶಾಸ್ತ್ರವನ್ನು ಬರೆದವನು ಈತ; ಕ್ಸೆನೊಫನ್ನನೇ ಇವನನ್ನು ಗೌರವದಿಂದ ಸ್ಮರಿಸುತ್ತಾನೆ. ಮಿಕಾನನು ಬರೆದ ಕುದುರೆಯನ್ನು ನೋಡಿ ಸೈಮನ್ ಒಂದು ತಪ್ಪನ್ನು ಎತ್ತಿ ತೋರಿಸಿದನು: ಕುದುರೆಯ ಕೆಳರೆಪ್ಪೆಗೂ ಚಿತ್ರಕಾರ ಎವೆಗೂದಲು ಬರೆದಿದ್ದಾನೆ, ಅಂಥ ಕುದುರೆ ಎಲ್ಲಿಯೂ ಇಲ್ಲ ಎಂದು. ತಜ್ಞನ ಕಣ್ಣು ಎಷ್ಟು ಸೂಕ್ಷ್ಮವಾಗಿರಬಲ್ಲುದೆಂಬುದಕ್ಕೆ ಇದು ನಿದರ್ಶನ. ತಜ್ಞನ ಕಣ್ಣು ಎಲ್ಲಿಗೆ ಹೋಗಿ ನಿಂತುಬಿಡಬಲ್ಲುದೆಂಬುದಕ್ಕೂ ಇದೇ ನಿದರ್ಶನ.

ಎರಡನೆಯದು ಬೀದಿಯ ಮಾತು. ಮಿಕಾನನು ಒಂದು ಚಿತ್ರದಲ್ಲಿ ಬ್ಯೂಟೀಸ್ ಎಂಬ ವೀರನನ್ನು ಗುಡ್ಡದ ಮರೆಯಲ್ಲಿ ನಿಲ್ಲಿಸಿ, ಅವನ ಶಿರಸ್ತ್ರಾಣವನ್ನೂ ಒಂದು ಕಣ್ಣನ್ನೂ ಮಾತ್ರ ತೋರಿಸಿದ್ದನು. ಆಳವನ್ನು ಸೂಚಿಸಲು ಅದೊಂದು ಹೊಸ ಉಪಾಯವಾಗಿದ್ದಿರಬೇಕು. ಜನ ಮಾತ್ರ ಅದನ್ನು ಕೆಲಸಗಳ್ಳತನವೆಂದೇ ತಿಳಿದರು. ಸುಲಭವಾಗಿ ಮುಗಿಯುವ ಕೆಲಸಕ್ಕೆಲ್ಲ ಬ್ಯೂಟೀಸನಿಗಿಂತ ಬೇಗ ಆಯಿತು ಎಂಬ ಗಾದೆಯೇ ಹುಟ್ಟಿಕೊಂಡಿತು.

ಮೂರನೆಯದು ಪ್ರಭುತ್ವದ ಮಾತು. ಮ್ಯಾರಥಾನ್ ಕದನದ ಚಿತ್ರದಲ್ಲಿ ಮಿಕಾನನ ಕೈಯೂ ಇತ್ತೆಂದು ಪ್ರಾಚೀನರು ಹೇಳುತ್ತಾರೆ. ಅವನಿಗೆ 30 ಮಿನಾ ದಂಡ ವಿಧಿಸಲಾಯಿತೆಂದು ಹಾರ್ಪೊಕ್ರೇಷನ್ ಎಂಬ ಕೋಶಕಾರನು ದಾಖಲಿಸಿದ್ದಾನೆ. ಗ್ರೀಕರಿಗಿಂತ ಪರ್ಷಿಯನರನ್ನು ದೊಡ್ಡದಾಗಿ ಚಿತ್ರಿಸಿದ್ದೇ ಅಪರಾಧವೆಂದು ಬೇರೊಬ್ಬ ಲೇಖಕನು ಕಾರಣ ಕೊಡುತ್ತಾನೆ. ಒಂದು ಮಿನಾ ಎಂದರೆ 100 ದ್ರಾಕ್ಮ. ಆ ಶತಮಾನದ ಕೊನೆಯಲ್ಲಿ ಕುಶಲ ಕೆಲಸಗಾರನ ದಿನಗೂಲಿ ಒಂದು ದ್ರಾಕ್ಮ. ಎಂದರೆ ಮೂರು ಸಾವಿರ ದಿನಗಳ ದುಡಿಮೆ ದಂಡವಾಗಿ ಹೋಯಿತು. ಅಮೆಜಾನರನ್ನು ಕುದುರೆಯ ಮೇಲೆ ಎತ್ತರದಲ್ಲಿ ಕೂರಿಸಿದ್ದಕ್ಕೆ ಯಾರೂ ದಂಡ ಹಾಕಿದ ಸುದ್ದಿಯಿಲ್ಲ. ಪುರಾಣದ ಶತ್ರು ಎತ್ತರವಾಗಿದ್ದರೆ ನಮ್ಮ ಕೀರ್ತಿ ಹೆಚ್ಚುತ್ತದೆ; ನಿನ್ನೆ ಮೊನ್ನೆಯ ಶತ್ರು ಎತ್ತರವಾಗಿದ್ದರೆ ಅದು ಚುಚ್ಚುತ್ತದೆ.

ನಾಲ್ಕನೆಯದು ರಂಗಭೂಮಿಯ ಮಾತು. ಕ್ರಿ.ಪೂ. 411ರಲ್ಲಿ, ಚಿತ್ರ ಬರೆದು ಸುಮಾರು ಅರ್ಧ ಶತಮಾನ ಕಳೆದ ಮೇಲೆ, ಅರಿಸ್ಟೋಫನೀಸನ 'ಲೈಸಿಸ್ಟ್ರಾಟ' ನಾಟಕ ಪ್ರದರ್ಶಿತವಾಯಿತು. ಯುದ್ಧ ನಿಲ್ಲಿಸಬೇಕೆಂದು ಹೆಂಗಸರು ನಗರದ ಕೋಟೆಯನ್ನು ಹಿಡಿದು ಕೂತಿದ್ದಾರೆ. ಮುದುಕರ ಮೇಳ ಗಾಬರಿಗೊಂಡಿದೆ. ಹೆಂಗಸರು ಕುದುರೆ ಏರಿದರೆ ಗತಿಯೇನೆಂದು ಹೆದರಿಸುತ್ತ, ಮಿಕಾನನು ಬರೆದ ಅಮೆಜಾನರನ್ನು ನೋಡಿರೆಂದು ಅದು ಸಾಕ್ಷಿ ಕೊಡುತ್ತದೆ. ಹೀಗೆ, ಅಥೆನ್ಸಿನ ವಿಜಯವನ್ನು ಸಾರಲೆಂದು ಬರೆಸಿದ ಚಿತ್ರವು ಅಥೆನ್ಸಿನ ಮುದುಕರಿಗೆ ತಮ್ಮ ಮನೆಯ ಹೆಂಗಸರನ್ನು ನೆನೆದು ನಡುಗುವ ಚಿತ್ರವಾಯಿತು. ಮಿಕಾನನಿಗೆ ಸಂದ ಅತ್ಯುತ್ತಮ ಪ್ರಶಂಸೆ ಇದೇ ಎಂದು ನನ್ನ ಭಾವನೆ.

ಇಷ್ಟು ಮಾತುಗಳಿಗೆ ಮಿಕಾನನ ಉತ್ತರವೇನೆಂಬುದು ನಮ್ಮವರೆಗೆ ಬಂದಿಲ್ಲ. ಆದರೆ ಗ್ರೀಕರು ಬೇರೆ ಕಲಾವಿದರ ಬಗ್ಗೆ ಹೇಳಿಕೊಳ್ಳುತ್ತಿದ್ದ ಮೂರು ಕಥೆಗಳಲ್ಲಿ ಮೂರು ಬಗೆಯ ಉತ್ತರಗಳಿವೆ. ಇವು ನಡೆದ ಸಂಗತಿಗಳೋ ಕಟ್ಟಿದ ಕಥೆಗಳೋ ಎಂಬುದು ಇಲ್ಲಿ ಮುಖ್ಯವಲ್ಲ. ಆ ಜನ ಈ ಪ್ರಶ್ನೆಯನ್ನು ಎಷ್ಟು ಆಳವಾಗಿ ಯೋಚಿಸಿದ್ದರೆಂಬುದು ಮುಖ್ಯ.

ಫಿಡಿಯಾಸನು ಒಲಿಂಪಿಯದ ಸ್ಯೂಸ್ ವಿಗ್ರಹವನ್ನು ಮೊದಲ ಬಾರಿಗೆ ಜನರಿಗೆ ತೋರಿಸಿದಾಗ ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟನೆಂದು ಲೂಸಿಯನ್ ಹೇಳುತ್ತಾನೆ. ಮೂಗು ದಪ್ಪವಾಯಿತೆಂದು ಒಬ್ಬ, ಮುಖ ಉದ್ದವಾಯಿತೆಂದು ಇನ್ನೊಬ್ಬ. ಎಲ್ಲರೂ ಹೋದ ಮೇಲೆ ಅವನು ಬಾಗಿಲು ಮುಚ್ಚಿಕೊಂಡು ಬಹುಮತಕ್ಕೆ ತಕ್ಕಂತೆ ವಿಗ್ರಹವನ್ನು ತಿದ್ದಿದನಂತೆ. ಅಪೆಲೀಸನು ತನ್ನ ಚಿತ್ರವನ್ನು ಹಾದಿಹೋಕರಿಗೆ ಕಾಣುವಂತೆ ಇಟ್ಟು ಹಿಂದೆ ಅಡಗಿ ಕುಳಿತ ಕಥೆಯನ್ನು ಪ್ಲಿನಿ ಹೇಳುತ್ತಾನೆ. ಮೋಚಿಯೊಬ್ಬನು ಪಾದರಕ್ಷೆಯಲ್ಲಿ ಒಂದು ಕುಣಿಕೆ ಕಡಮೆಯಾಗಿದೆ ಎಂದನು, ಅಪೆಲೀಸ್ ತಿದ್ದಿದನು. ಮರುದಿನ ಮೋಚಿ ಹಿಗ್ಗಿನಿಂದ ಕಾಲಿನ ಬಗ್ಗೆಯೂ ತಪ್ಪು ಹೇಳತೊಡಗಿದಾಗ, ಚಪ್ಪಲಿಯಿಂದ ಮೇಲಕ್ಕೆ ಬರಬೇಡವೆಂದು ಗದರಿಸಿದನು. ಮೂರನೆಯವನು ಪಾಲಿಕ್ಲೀಟಸ್. ಅವನು ಏಕಕಾಲದಲ್ಲಿ ಎರಡು ವಿಗ್ರಹ ಮಾಡಿದನೆಂದು ಈಲಿಯನ್ ಬರೆಯುತ್ತಾನೆ. ಒಂದನ್ನು ಬಂದವರೆಲ್ಲರ ಸಲಹೆಯಂತೆ ತಿದ್ದುತ್ತ ಹೋದನು. ಇನ್ನೊಂದನ್ನು ತನ್ನ ಕಲೆಯ ನಿಯಮದಂತೆ ಮಾಡಿದನು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಜನ ಎರಡನೆಯದನ್ನು ಹೊಗಳಿ ಮೊದಲನೆಯದನ್ನು ನಕ್ಕರು. ನೀವು ನಗುತ್ತಿರುವುದು ನೀವೇ ಮಾಡಿದ್ದನ್ನು, ಹೊಗಳುತ್ತಿರುವುದು ನಾನು ಮಾಡಿದ್ದನ್ನು ಎಂಬುದು ಅವನ ಉತ್ತರ.

ಎಲ್ಲರ ಮಾತನ್ನೂ ಕೇಳು. ಬಲ್ಲವನ ಮಾತನ್ನು ಅವನು ಬಲ್ಲಷ್ಟರ ಮಟ್ಟಿಗೆ ಕೇಳು. ಯಾರ ಮಾತನ್ನೂ ಕೇಳಬೇಡ. ಮೂರು ಕಥೆಗಳ ತಾತ್ಪರ್ಯ ಇಷ್ಟು. ಇವುಗಳಲ್ಲಿ ಯಾವುದು ಸರಿ? ನಾಲ್ಕನೆಯ ಕಥೆಯೊಂದು ಇದಕ್ಕೆ ದಾರಿ ತೋರಬಹುದು, ಮತ್ತು ಅದು ನಮ್ಮ ವೀರಾಂಗನೆಗೇ ಸಂಬಂಧಿಸಿದ್ದು. ಎಫೆಸಸ್ ನಗರದ ಆರ್ಟೆಮಿಸ್ ದೇವಾಲಯಕ್ಕೆಂದು ಹೆಸರಾಂತ ಶಿಲ್ಪಿಗಳು ಅಮೆಜಾನಳ ವಿಗ್ರಹಗಳನ್ನು ಮಾಡಿದರೆಂದು ಪ್ಲಿನಿ ಬರೆದಿದ್ದಾನೆ. ಅತ್ಯುತ್ತಮವಾದುದನ್ನು ಶಿಲ್ಪಿಗಳೇ ಆರಿಸಬೇಕೆಂದು ತೀರ್ಮಾನವಾಯಿತು. ಪ್ರತಿಯೊಬ್ಬನೂ ತನ್ನದಕ್ಕೇ ಮೊದಲ ಸ್ಥಾನ ಕೊಟ್ಟುಕೊಂಡನು. ಎರಡನೆಯ ಸ್ಥಾನವನ್ನು ಎಲ್ಲರೂ ಕೊಟ್ಟದ್ದು ಪಾಲಿಕ್ಲೀಟಸನ ವಿಗ್ರಹಕ್ಕೆ. ಆದ್ದರಿಂದ ಅದೇ ಗೆದ್ದಿತು. ಫಿಡಿಯಾಸನದು ಅದರ ನಂತರ, ಕ್ರೆಸಿಲಾಸನದು ಮೂರನೆಯದು. ಸ್ವಾಭಿಮಾನವನ್ನು ಕಳೆದುಳಿದದ್ದೇ ಸತ್ಯ ಎಂಬ ಈ ಲೆಕ್ಕ ಎಷ್ಟು ಸೊಗಸಾಗಿದೆ! ಮೂಲ ವಿಗ್ರಹಗಳು ಉಳಿದಿಲ್ಲ. ರೋಮನರ ಕಾಲದ ಅಮೃತಶಿಲೆಯ ಪ್ರತಿಕೃತಿಗಳು ಇವೆ. ಅವುಗಳಲ್ಲಿ ಅಮೆಜಾನಳು ಗಾಯಗೊಂಡಿದ್ದಾಳೆ, ಆದರೆ ಮುಖದಲ್ಲಿ ಆಕ್ರಂದನವಿಲ್ಲ. ಸೋತ ಶತ್ರುವಿಗೆ ಇಷ್ಟು ಘನತೆಯನ್ನು ಕೊಟ್ಟ ಕಲೆ ಲೋಕದಲ್ಲಿ ಹೆಚ್ಚಿಲ್ಲ.

ಇಷ್ಟೆಲ್ಲ ಅಭಿಪ್ರಾಯಗಳ ನಡುವೆ ಒಂದು ಅಭಿಪ್ರಾಯ ಮಾತ್ರ ದಾಖಲಾಗಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕಪ್ಪು ಸಮುದ್ರದ ಆಚೆಯ ಹುಲ್ಲುಗಾವಲಿನ ಜನರಾದ ಸಿಥಿಯನರನ್ನು ಅಥೆನ್ಸ್ ನಗರವು ಆ ಶತಮಾನದಲ್ಲಿ ಗುಲಾಮರನ್ನಾಗಿ ಕೊಂಡು ತಂದು ಬಿಲ್ಲುಗಾರ ಕಾವಲುಗಾರರನ್ನಾಗಿ ಇರಿಸಿಕೊಂಡಿತ್ತು. 'ಲೈಸಿಸ್ಟ್ರಾಟ' ನಾಟಕದಲ್ಲಿಯೇ ಅವರು ರಂಗಕ್ಕೆ ಬಂದು ಹೆಂಗಸರ ಕೈಯಲ್ಲಿ ಪೆಟ್ಟು ತಿಂದು ಓಡುತ್ತಾರೆ. ಅವರ ತವರಿನ ಕಡೆಯ ಹೆಂಗಸರು ಕುದುರೆ ಏರಿ ಬೇಟೆಗೂ ಯುದ್ಧಕ್ಕೂ ಹೋಗುತ್ತಾರೆಂದು ಹಿರಾಡೊಟಸ್ ಬರೆದದ್ದನ್ನು ಬಹುಕಾಲ ವಿದ್ವಾಂಸರು ಕಟ್ಟುಕಥೆಯೆಂದೇ ಎಣಿಸಿದ್ದರು. ಆದರೆ ಆ ಪ್ರದೇಶದ ಸಮಾಧಿ ದಿಬ್ಬಗಳಲ್ಲಿ ಆಯುಧಸಹಿತ ಸ್ತ್ರೀಯರ ಅಸ್ಥಿಗಳು ಒಂದಾದ ಮೇಲೊಂದರಂತೆ ದೊರೆತವು. 2019ರಲ್ಲಿ ರಷ್ಯದ ವೊರೊನೆಜ್ ಪ್ರಾಂತದ ದೆವಿತ್ಸ ಎಂಬಲ್ಲಿ ಕ್ರಿ.ಪೂ. 4ನೆಯ ಶತಮಾನದ ಒಂದೇ ದಿಬ್ಬದಲ್ಲಿ ಬೇರೆ ಬೇರೆ ವಯಸ್ಸಿನ ನಾಲ್ವರು ಹೆಂಗಸರು ದೊರೆತರು. ಅವರಲ್ಲೊಬ್ಬಳು ಇನ್ನೂ ಬಾಲಿಕೆ. ಬಳಿಯಲ್ಲಿ ಬಾಣದ ಮೊನೆಗಳು, ಈಟಿಗಳು. ಇನ್ನೊಬ್ಬಳನ್ನು ಕುದುರೆಯ ಮೇಲೆ ಕುಳಿತ ಭಂಗಿಯಲ್ಲಿ ಕಾಲುಗಳನ್ನಿರಿಸಿ ಹೂಳಿದ್ದರು.

ಹೆಂಗಸರೇ ಆಳುವ ರಾಜ್ಯ ಕಲ್ಪನೆಯೇ ಸರಿ. ಆದರೆ ಕುದುರೆಯೇರಿದ ಹೆಣ್ಣು ಕಲ್ಪನೆಯಲ್ಲ. ಅವಳನ್ನು ಬಲ್ಲವರು ಅಥೆನ್ಸಿನ ಬೀದಿಯಲ್ಲಿಯೇ ಬಿಲ್ಲು ಹಿಡಿದು ಕಾವಲು ನಿಂತಿದ್ದರು. ಕುದುರೆಯ ಎವೆಗೂದಲನ್ನು ಕುರಿತು ಅಶ್ವಶಾಸ್ತ್ರಜ್ಞನ ಮಾತನ್ನು ನೂರಾರು ವರ್ಷ ಜೋಪಾನ ಮಾಡಿದವರು, ಕುದುರೆಯ ಮೇಲಿನ ಹೆಣ್ಣನ್ನು ಕುರಿತು ಸಿಥಿಯನ್ ಗುಲಾಮನ ಒಂದು ಮಾತನ್ನೂ ಉಳಿಸಲಿಲ್ಲ. ಅಥೆನ್ಸಿನ ಹೆಂಗಸರು ಆ ಚಿತ್ರವನ್ನು ನೋಡಿ ಏನೆಂದುಕೊಂಡರೆಂಬುದನ್ನೂ ಉಳಿಸಲಿಲ್ಲ. ಇರುವುದು ಮುದುಕರ ಬಾಯಲ್ಲಿ ಕವಿ ಇಟ್ಟ ಭಯ ಮಾತ್ರ.

ಬಹಳ ವರ್ಷ ಪಾಠ ಹೇಳಿ, ವಿದ್ಯಾರ್ಥಿಗಳ ಕವಿತೆ, ಪ್ರಬಂಧಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದವನು ನಾನು. ಈ ಕಥೆಯನ್ನು ಓದಿದಾಗಲೆಲ್ಲ ನನಗೆ ಅಳುಕಾಗುತ್ತದೆ. ಎಷ್ಟೋ ಸಲ ನಾನೂ ಎವೆಗೂದಲನ್ನು ಕಂಡು, ಮೇಲೆ ಕುಳಿತವಳನ್ನು ಕಾಣದೆ ಹೋಗಿರಬೇಕು. ತಿದ್ದಿದ್ದು ತಪ್ಪಲ್ಲ, ಕುದುರೆಗೆ ಇಲ್ಲದ ಕೂದಲು ಚಿತ್ರದಲ್ಲಿ ಇರಬಾರದು. ಅಲ್ಲಿಗೇ ನಿಂತದ್ದು ತಪ್ಪು.

ಕ್ರಿ.ಶ. 77ರ ಸುಮಾರಿಗೆ ತನ್ನ ಮಹಾಗ್ರಂಥವನ್ನು ಅರ್ಪಿಸುತ್ತ ಪ್ಲಿನಿ ಪೀಠಿಕೆಯಲ್ಲಿ ಒಂದು ವ್ಯಾಕರಣದ ಸಂಗತಿಯನ್ನು ಹೇಳುತ್ತಾನೆ. ಗ್ರೀಸಿನ ಶ್ರೇಷ್ಠ ಕಲಾವಿದರು ತಮ್ಮ ಪೂರ್ಣ ಕೃತಿಯ ಮೇಲೆಯೂ ಅಪೆಲೀಸನು ಮಾಡಿದನು ಎಂದು ಬರೆಯುತ್ತಿರಲಿಲ್ಲವಂತೆ. ಅಪೆಲೀಸನು ಮಾಡುತ್ತಿದ್ದನು ಎಂದು ಬರೆಯುತ್ತಿದ್ದರಂತೆ. ಕೃತಿ ಇನ್ನೂ ಮುಗಿದಿಲ್ಲ, ತಪ್ಪು ತೋರಿಸಿದರೆ ತಿದ್ದುತ್ತಿದ್ದೆ, ಅಷ್ಟರಲ್ಲಿ ಕಾಲ ಕರೆಯಿತು ಎಂಬ ವಿನಯ ಆ ಒಂದು ಕ್ರಿಯಾಪದದಲ್ಲಿದೆ. ಕಲಾವಿದನಿಗೆ ಆ ಕ್ರಿಯಾಪದ ಸಾಕು. ನೋಡುವ ನಮಗೂ ಅದೇ ಒಪ್ಪುತ್ತದೆ: ಕಂಡೆನು ಎನ್ನದೆ, ಕಾಣುತ್ತಿದ್ದೆನು ಎನ್ನುವುದು.

(ಬಾನುಲಿ ಭಾಷಣ)