ಜಯನಗರದ ಹದಿನಾರು ಮತ

ಬೆಂಗಳೂರಿನ ದಕ್ಷಿಣಕ್ಕೆ ಜಯನಗರವೆಂಬ ಬಡಾವಣೆ ಹುಟ್ಟಿದ್ದು 1948ರಲ್ಲಿ. ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಬಂದು ಅಡಿಗಲ್ಲು ಹಾಕಿದ ನೆನಪಿಗೆ ಅಶೋಕ ಸ್ತಂಭ ಇವತ್ತಿಗೂ ಅಲ್ಲಿ ನಿಂತಿದೆ. ಬಸ್ಸಿನವರು ‘ಅಶೋಕ ಪಿಲ್ಲರ್’ ಎಂದು ಕೂಗುವುದು ಅದನ್ನೇ. ಊರಾಚೆಯ ಜಾಗದಲ್ಲಿ ಬ್ಲಾಕು ಬ್ಲಾಕಾಗಿ ಗೆರೆ ಎಳೆದು, ಅಗಲ ರಸ್ತೆ ಬಿಟ್ಟು, ಮರ ನೆಟ್ಟು ಕಟ್ಟಿದ ಬಡಾವಣೆ ಅದು. ಆಗ ಊರಿನ ಅಂಚು; ಈಗ ಊರು ಅದನ್ನು ನುಂಗಿ ಎಷ್ಟೋ ಮೈಲಿ ಮುಂದೆ ಹೋಗಿದೆ.

ನನ್ನ ಅಕ್ಕ ಮದುವೆಯಾಗಿ ಹೋದದ್ದು ಅಲ್ಲಿಗೇ. ಬೇಸಿಗೆ ರಜೆಯಲ್ಲಿ ನಾನು ಹೋದಾಗಲೆಲ್ಲ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹೋಗಿ ಬಳೆ, ಬಟ್ಟೆ ನೋಡುವುದು, ರಾಗಿಗುಡ್ಡದ ಆಂಜನೇಯನಿಗೆ ಕೈಮುಗಿದು ಬರುವುದು ನಮ್ಮ ಪದ್ಧತಿ. ರಾಜಕೀಯದ ಮಾತು ಮಾತ್ರ ಅಕ್ಕನಿಗೆ ಸೇರದು. "ನಾನೊಬ್ಬಳು ಓಟು ಹಾಕದಿದ್ದರೆ ಸರ್ಕಾರ ಬಿದ್ದುಹೋಗುತ್ತದೆಯೇನೇ?" ಎನ್ನುವುದು ಅವಳ ವಾದ. ಆ ವಾದಕ್ಕೆ ಉತ್ತರವನ್ನು ಅವಳ ಕ್ಷೇತ್ರದ ಚರಿತ್ರೆಯೇ ಬರೆದಿಟ್ಟಿದೆ.

1980ರ ದಶಕದಲ್ಲಿ ಜಯನಗರ ಜನತಾ ಪಕ್ಷದ ಕಡೆ ವಾಲಿತ್ತು. ರಾಮಕೃಷ್ಣ ಹೆಗಡೆಯವರು 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚಿಸಿದಾಗ ಇಲ್ಲಿಂದ ಗೆದ್ದಿದ್ದವರು ಎಂ. ಚಂದ್ರಶೇಖರ್. 1989ರಲ್ಲಿ ಗಾಳಿ ತಿರುಗಿತು. ಕಾಂಗ್ರೆಸ್ಸಿನ ರಾಮಲಿಂಗಾ ರೆಡ್ಡಿಯವರು ಗೆದ್ದರು. ಆಮೇಲೆ 1994, 1999, 2004 ಹೀಗೆ ಒಟ್ಟು ನಾಲ್ಕು ಸಲ ಅವರೇ. 1994ರಲ್ಲಿ ರಾಜ್ಯವಿಡೀ ಜನತಾ ದಳದ ಕಡೆ ಹೋದಾಗಲೂ ಜಯನಗರ ಅಲುಗಲಿಲ್ಲ.

2008ರಲ್ಲಿ ಕ್ಷೇತ್ರಗಳ ಗಡಿಯನ್ನೇ ಹೊಸದಾಗಿ ಗುರುತಿಸಿದರು. ಬೆಂಗಳೂರಿಗೆ 28 ಕ್ಷೇತ್ರಗಳಾದವು. ಬಿಟಿಎಂ ಲೇಔಟ್ ಬೇರೆ ಮನೆ ಹೂಡಿತು. ರೆಡ್ಡಿಯವರು ಅಲ್ಲಿಗೆ ಹೋದರು. ಉಳಿದ ಜಯನಗರವನ್ನು 2008 ಮತ್ತು 2013ರಲ್ಲಿ ಬಿಜೆಪಿಯ ಬಿ. ಎನ್. ವಿಜಯಕುಮಾರ್ ಗೆದ್ದರು. ಮನೆ ಪಾಲಾದಾಗ ಯಾರ ಪಾಲಿಗೆ ಬಾವಿ, ಯಾರ ಪಾಲಿಗೆ ಹಿತ್ತಲು ಎಂಬುದರ ಮೇಲೆ ಸಂಸಾರಗಳ ಹಣೆಬರಹ ಬದಲಾಗುವುದಿಲ್ಲವೇ? ಕ್ಷೇತ್ರಗಳದ್ದೂ ಹಾಗೆಯೇ.

2018ರ ಮೇ ತಿಂಗಳಲ್ಲಿ ವಿಜಯಕುಮಾರ್ ಮೂರನೆಯ ಸಲ ಕಣದಲ್ಲಿದ್ದರು. ಮತದಾನಕ್ಕೆ ಇನ್ನೇನು ಒಂದು ವಾರವಿದೆ ಎನ್ನುವಾಗ ಪ್ರಚಾರದ ನಡುವೆಯೇ ಕುಸಿದರು. ಮೇ 4ರಂದು ತೀರಿಕೊಂಡರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಹೀಗೆ ತೀರಿಕೊಂಡರೆ ಚುನಾವಣೆಯನ್ನು ಮುಂದೂಡಬೇಕೆಂದು ಕಾನೂನೇ ಹೇಳುತ್ತದೆ. ರಾಜ್ಯದ ಬಹುತೇಕರು ಮೇ 12ರಂದು ಮತ ಹಾಕಿದರೆ ಜಯನಗರದವರು ಜೂನ್ 11ರಂದು ಹಾಕಿದರು. ಬಿಜೆಪಿಯಿಂದ ವಿಜಯಕುಮಾರರ ತಮ್ಮ ಪ್ರಹ್ಲಾದ ಬಾಬು, ಕಾಂಗ್ರೆಸ್ಸಿನಿಂದ ರಾಮಲಿಂಗಾ ರೆಡ್ಡಿಯವರ ಮಗಳು ಸೌಮ್ಯಾ ರೆಡ್ಡಿ. ಒಂದು ಕಡೆ ತಮ್ಮ, ಇನ್ನೊಂದು ಕಡೆ ಮಗಳು! 2,889 ಮತಗಳಿಂದ ಸೌಮ್ಯಾ ಗೆದ್ದರು. ಇದೇ ಕಡಿಮೆ ಅಂತರವೆಂದು ಎಲ್ಲರೂ ಮಾತಾಡಿಕೊಂಡರು.

2023ರ ಮೇ 13, ಎಣಿಕೆಯ ದಿನ. ಮಧ್ಯಾಹ್ನದ ಹೊತ್ತಿಗೆ ರಾಜ್ಯದ ಫಲಿತಾಂಶ ಸ್ಪಷ್ಟವಾಗಿ, ಕಾಂಗ್ರೆಸ್ ಬಹುಮತದತ್ತ ಸಾಗಿತ್ತು. ಜಯನಗರದ್ದು ಮಾತ್ರ ಮುಗಿಯಲಿಲ್ಲ. ಮೊದಲು ಸೌಮ್ಯಾ ಸ್ವಲ್ಪ ಮುಂದೆ ಎಂದು ಸುದ್ದಿ ಬಂತು. ಬಿಜೆಪಿಯ ಸಿ. ಕೆ. ರಾಮಮೂರ್ತಿಯವರ ಕಡೆಯವರು ಮರುಎಣಿಕೆ ಕೇಳಿದರು. ಮೊದಲು ತಿರಸ್ಕಾರವಾಗಿದ್ದ ಅಂಚೆ ಮತಗಳನ್ನು ಮತ್ತೆ ಪರಿಶೀಲಿಸಿದರು. ಎಣಿಕೆ ಕೇಂದ್ರದ ಹೊರಗೆ ಎರಡೂ ಪಕ್ಷದ ನಾಯಕರು ಕಾದು ನಿಂತರು. ರಾತ್ರಿ ಬಹಳ ಹೊತ್ತಾದ ಮೇಲೆ ಬಂದ ಲೆಕ್ಕ ಇದು: ರಾಮಮೂರ್ತಿ 57,797, ಸೌಮ್ಯಾ 57,781. ಅಂತರ 16. ಸೋತವರು ಹೈಕೋರ್ಟಿನ ಮೆಟ್ಟಿಲು ಹತ್ತಿದರು.

ನನ್ನ ಮನಸ್ಸು ನಿಂತದ್ದು ಆ ಅಂಚೆ ಮತಗಳ ಹತ್ತಿರ. ಅಂಚೆ ಮತವೆಂದರೆ ನಮ್ಮಂಥ ಚುನಾವಣಾ ಸಿಬ್ಬಂದಿಯದು, ಆ ಸಲ ಮನೆಯಿಂದಲೇ ಮತ ಹಾಕಿದ 80 ದಾಟಿದ ಹಿರಿಯರದು. ಮತಪತ್ರವನ್ನು ಒಂದು ಲಕೋಟೆಗೆ ಹಾಕಿ, ಘೋಷಣಾ ಪತ್ರಕ್ಕೆ ಸಹಿ ಮಾಡಿ, ಅಧಿಕಾರಿಯಿಂದ ದೃಢೀಕರಣ ಮಾಡಿಸಿ, ಎರಡನ್ನೂ ದೊಡ್ಡ ಲಕೋಟೆಗೆ ಸೇರಿಸಬೇಕು. ಒಂದು ಸಹಿ ತಪ್ಪಿದರೂ ಮತ ಲೆಕ್ಕಕ್ಕಿಲ್ಲ. ಬೂತಿನಲ್ಲಿ ಸಾವಿರ ಜನರ ಬೆರಳಿಗೆ ಮೈಸೂರಿನ ಶಾಯಿ ಹಚ್ಚುವ ಟೀಚರಮ್ಮನ ಸ್ವಂತ ಮತ ಹೀಗೆ ಒಂದು ಲಕೋಟೆಯ ಮೇಲೆ ನಿಂತಿರುತ್ತದೆ. ಡ್ಯೂಟಿಯ ಗಡಿಬಿಡಿಯಲ್ಲಿ "ಹೋಗಲಿ ಬಿಡ್ರೀ" ಎಂದವರನ್ನು ನಾನು ತರಬೇತಿ ಕೋಣೆಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಹೆಂಗಸರ ಮತದ ಕಥೆ ಇನ್ನೂ ಹಳೆಯದು. ದೇಶದ ಮೊದಲ ಮಹಾಚುನಾವಣೆಯ ಹೊತ್ತಿಗೆ ಉತ್ತರದ ಪ್ರಾಂತ್ಯಗಳಲ್ಲಿ ಎಷ್ಟೋ ತಾಯಂದಿರು ಪರರಿಗೆ ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಚುನಾವಣಾ ಆಯುಕ್ತ ಸುಕುಮಾರ ಸೇನರು ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಈಗ ನಾವು ಹೆಸರು ಹೇಳಲು ನಾಚುವವರಲ್ಲ. ಆದರೂ ಮದುವೆಯಾದ ಮಗಳ ಹೆಸರು ತವರಿನ ಪಟ್ಟಿಯಲ್ಲೇ ಕೂತಿರುತ್ತದೆ. ಬಾಡಿಗೆ ಮನೆ ಬದಲಿಸಿದವರ ಹೆಸರು ಹಳೆಯ ಬೀದಿಯಲ್ಲಿ. ಗ್ಯಾಸ್ ಬುಕ್ಕು, ರೇಷನ್ ಕಾರ್ಡು ಹೊಸ ವಿಳಾಸಕ್ಕೆ ತಪ್ಪದೆ ಬರುತ್ತವೆ, ಮತ ಮಾತ್ರ ಬರುವುದಿಲ್ಲ. 2023ರಲ್ಲೂ ಜಯನಗರದಲ್ಲಿ ಮತ ಹಾಕಿದವರು ನೂರಕ್ಕೆ 60ನ್ನು ಮುಟ್ಟಲಿಲ್ಲ. ಅದೇ ಚುನಾವಣೆಯಲ್ಲಿ ಇಡೀ ರಾಜ್ಯದ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು 10 ಮಂದಿ. ಹನ್ನೊಂದನೆಯವರಾಗಬಹುದಿದ್ದವರು ಹದಿನಾರು ಮತಗಳಿಂದ ಹಿಂದೆ ಉಳಿದರು. ಅವರ ಪಕ್ಷ ನಮಗೆ ಹಿಡಿಸಲಿ ಬಿಡಲಿ, ಲೆಕ್ಕ ಲೆಕ್ಕವೇ.

ಹದಿನಾರೂ ಹೆಚ್ಚೆನ್ನಿಸಿದರೆ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯನ್ನು ನೆನೆಯಿರಿ. 2004ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣರಿಗೆ 40,752, ಜನತಾ ದಳದ ಎ. ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದೇ ಒಂದು ಮತ!

ಹದಿನಾರು ಎಂದರೆ ನಮ್ಮ ಶಾಲೆಯ ಸ್ಟಾಫ್ ರೂಮು. ವಠಾರವೊಂದರ ನಾಲ್ಕು ಮನೆ. ಅರಿಶಿನ ಕುಂಕುಮಕ್ಕೆ ಕರೆದರೆ ಬರುವಷ್ಟು ಹೆಂಗಸರು. ಮತದಾನದ ದಿನ ರಜೆಯೆಂದು ತಡವಾಗಿ ಎದ್ದು, ಅಡುಗೆ ಮುಗಿಸಿ, ಬಿಸಿಲಾಯಿತೆಂದು ಕೂತುಬಿಟ್ಟವರು ಒಂದು ರಸ್ತೆಯಲ್ಲೇ ಅದಕ್ಕಿಂತ ಹೆಚ್ಚು ಸಿಗುತ್ತಾರೆ. ಯಾರಿಗೆ ಹಾಕಬೇಕೆಂದು ನಾನು ಹೇಳುವವಳಲ್ಲ, ಅದು ನಿಮ್ಮ ಮನಸ್ಸಿನ ಮಾತು. ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ, ಈಗಿರುವ ಮನೆಯ ವಿಳಾಸಕ್ಕಿದೆಯೇ ಎಂದು ಮಾತ್ರ ನೋಡಿಕೊಳ್ಳಿ. ಹೊಸ ಹೆಸರಿಗೆ ನಮೂನೆ 6, ಮನೆ ಬದಲಿಸಿದ್ದರೆ ನಮೂನೆ 8. ಅಕ್ಕನಿಗೂ ಎರಡನೆಯದನ್ನು ನಾನೇ ಕೂತು ತುಂಬಿಸಿದ್ದೇನೆ.